ರಕ್ತದಲ್ಲಿ ಬಂದದ್ದಲ್ಲ

"ಪದ್ಯ ಬರೆಯೋದು, ಭಾಷಣ ಮಾಡೋದು ಎಲ್ಲಾ ಹುಟ್ಟಿನಿಂದ ಬರಬೇಕು ಕಣಣ್ಣ. ನಮಗೆಲ್ಲಿ ಬರುತ್ತೆ?" ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಾಸ್ಟೆಲುಗಳಲ್ಲಿ ಈ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಹೊನ್ನವಳ್ಳಿಯ ಹುಡುಗರೂ ಇದನ್ನೇ ಹೇಳುತ್ತಾರೆ. ಹೇಳುವಾಗ ಸಿಟ್ಟಿಲ್ಲ, ಸಂಕಟವಿಲ್ಲ. ಈ ಸಲ ಮಳೆ ಬರಲಿಲ್ಲ ಅನ್ನುವ ಹಾಗೆ ಹೇಳಿಬಿಡುತ್ತಾರೆ. ನಮಗೆ ಭಯವಾಗುವುದು ಅದಕ್ಕೇ.

ಗೆಳೆಯರೇ, ಈ ಮಾತನ್ನು ನಿಮ್ಮ ಬಾಯಿಗೆ ತುರುಕಿದವರು ಯಾರು? "ಹುಟ್ಟಿನಿಂದ" ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಮಗೆ ಅನುಮಾನ ಬರಬೇಡವೇ? ಹುಟ್ಟಿನಿಂದ ಎಂದು ಹೇಳಿಯೇ ತಾನೆ ನಮ್ಮನ್ನು ಊರಾಚೆ ಇಟ್ಟದ್ದು?

ಊರಹಬ್ಬದಲ್ಲಿ ನಮ್ಮವರು ತಮಟೆ ಬಾರಿಸಿದರೆ ಊರಿನವರು ತಲೆದೂಗಿ "ಅದು ಅವರ ರಕ್ತದಲ್ಲೇ ಬಂದಿದೆ" ಅಂತಾರೆ. ಹೊಗಳಿದರೆಂದು ನಾವೂ ಹಿಗ್ಗುತ್ತೇವೆ. ಅದೇ ತಮಟೆಯವನ ಮಗ ಇಂಜಿನಿಯರಿಂಗ್ ಸೀಟು ಪಡೆದರೆ "ಅವರಿಗೆಲ್ಲಿದೆ ಪ್ರತಿಭೆ, ಎಲ್ಲಾ ಮೀಸಲಾತಿ" ಅಂತಾರೆ. ಎರಡೂ ಒಂದೇ ಮಾತು. ಮೊದಲನೆಯದು ಅಪ್ಪನ ದುಡಿಮೆಯನ್ನು ಕದಿಯುತ್ತದೆ, ಎರಡನೆಯದು ಮಗನ ದುಡಿಮೆಯನ್ನು. ಚರ್ಮವನ್ನು ಬೆಂಕಿಗೆ ಎಷ್ಟು ಹೊತ್ತು ಹಿಡಿದರೆ ಎಂಥ ನಾದ ಬರುತ್ತದೆ ಎಂದು ತಿಳಿಯಲು ಹುಡುಗ ವರ್ಷಗಟ್ಟಲೆ ಹಿರಿಯರ ಪಕ್ಕ ಕೂರಬೇಕು. ಒಂದು ಕೈಯ ಕೋಲು, ಇನ್ನೊಂದು ಕೈಯ ಸಣ್ಣ ಕಡ್ಡಿ ಎರಡೂ ಜೊತೆಗೂಡುವ ತನಕ ಬೆರಳು ಬೊಬ್ಬೆ ಏಳಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದು ದಶಕಗಳ ಕಾಲ ದುಡಿದ ಕೈಗೆ ಬಂದದ್ದು, ರಕ್ತಕ್ಕಲ್ಲ. (ಬಿಟ್ಟಿ ಚಾಕರಿಯ ತಮಟೆಯನ್ನು ಕೆಳಗಿಟ್ಟವರ ಬಗ್ಗೆಯೂ ನಮಗೆ ಅಷ್ಟೇ ಗೌರವವಿದೆ. ಅದು ಬೇರೆ ಚರ್ಚೆ.)

ಪುರಾಣ ಕಟ್ಟಿದವರಿಗೆ ಈ ಗುಟ್ಟು ಚೆನ್ನಾಗಿಯೇ ಗೊತ್ತಿತ್ತು. ಶಂಬೂಕನ ತಲೆ ಹೋದದ್ದು ಯಾಕೆ? ಪ್ರತಿಭಾವಂತ ಎಂದಲ್ಲ, ತಪಸ್ಸು ಮಾಡಿದ ಎಂದು. ತಪಸ್ಸು ಅಂದರೇನು? ದಿನಾ ಕೂತು ಮಾಡುವುದು. ಏಕಲವ್ಯ ಮಣ್ಣಿನ ಬೊಂಬೆಯ ಮುಂದೆ ಬಾಣ ಬಿಟ್ಟೂ ಬಿಟ್ಟೂ ಕಲಿತ. ಬಿಲ್ವಿದ್ಯೆ ಹುಟ್ಟಿನಿಂದಲೇ ಕ್ಷತ್ರಿಯರಿಗೆ ಬರುವುದಾಗಿದ್ದರೆ ಒಬ್ಬ ಬೇಡರ ಹುಡುಗನ ಹೆಬ್ಬೆರಳಿಗೆ ಯಾಕೆ ಅಷ್ಟು ಹೆದರಬೇಕಿತ್ತು? ಹುಟ್ಟಾ ಬರದವನಿಗೆ ಬೇಲಿ ಯಾಕೆ ಬೇಕು? ಅವರು ತಡೆದದ್ದು ನಮ್ಮ ಅಭ್ಯಾಸವನ್ನು. ಕುವೆಂಪು ಈ ಎರಡು ಕತೆಗಳನ್ನೂ ನಾಟಕ ಮಾಡಿದರು: 1944ರಲ್ಲಿ 'ಶೂದ್ರ ತಪಸ್ವಿ', 1947ರಲ್ಲಿ 'ಬೆರಳ್‌ಗೆ ಕೊರಳ್'. ಅವರ ಶಂಬೂಕ ಸಾಯುವುದಿಲ್ಲ. ಹಾಸ್ಟೆಲ್ ದಿನಾಚರಣೆಗೆ ಸಿನಿಮಾ ಡ್ಯಾನ್ಸಿನ ಜೊತೆಗೆ ಇವನ್ನೂ ಒಮ್ಮೆ ಆಡಿ ನೋಡಿ.

ನಮ್ಮ ತಿಪಟೂರಿನವರೇ ಆದ ಹಾಸ್ಯನಟ ನರಸಿಂಹರಾಜು ಅವರನ್ನು ತಗೊಳ್ಳಿ. ತೆರೆ ಮೇಲೆ ಬಂದರೆ ಸಾಕು, ಜನ ನಗುತ್ತಿದ್ದರು. ಆ ಹಲ್ಲು ನೋಡಿ, ದೇವರು ಕೊಟ್ಟದ್ದು ಅನ್ನುತ್ತಿದ್ದರು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂದಾಗ, 1923ರಲ್ಲಿ ಹುಟ್ಟಿದ ಅವರಿಗೆ ಮೂವತ್ತು ತುಂಬಿತ್ತು. ಚಿಕ್ಕ ಹುಡುಗನಾಗಿ ನಾಟಕ ಕಂಪನಿ ಸೇರಿದವರು ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷಕ್ಕೂ ಮೀರಿ ಬಣ್ಣ ಹಚ್ಚಿದ್ದರು, ಗುಬ್ಬಿ ವೀರಣ್ಣನವರ ಕಂಪನಿಯಲ್ಲೂ ಪಳಗಿದ್ದರು. ಯಾವ ಮಾತಿಗೆ ಜನ ನಗುತ್ತಾರೆ, ನಗುವಿಗೆ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕು, ಇದನ್ನೆಲ್ಲ ಅವರಿಗೆ ಕಲಿಸಿದ್ದು ರಾತ್ರಿ ರಾತ್ರಿ ಎದುರಿಗೆ ಕೂತ ಜನ. ಹಲ್ಲುಬ್ಬಿದವರು ನಾಡಿನಲ್ಲಿ ಎಷ್ಟು ಜನ ಇಲ್ಲ! ಹುಟ್ಟಿನಿಂದ ಬಂದದ್ದು ಆ ಹಲ್ಲು ಮಾತ್ರ.

ಹಾಗಂತ ಎಲ್ಲರೂ ಒಂದೇ, ಅಭ್ಯಾಸ ಮಾಡಿದರೆ ಎಲ್ಲರೂ ಎಲ್ಲವೂ ಆಗುತ್ತಾರೆ ಎಂದು ಸುಳ್ಳು ಹೇಳಲಾರೆವು. 1993ರಲ್ಲಿ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಲೆಕ್ಕ ತೆಗೆದರು. ಅತ್ಯುತ್ತಮರು 20ನೇ ವಯಸ್ಸಿಗೆ ಸರಾಸರಿ 10,000 ಗಂಟೆ ಅಭ್ಯಾಸ ಮಾಡಿದ್ದರು. ಆಮೇಲೆ 2014ರಲ್ಲಿ ಬೇರೆಯವರು ಇಂಥ ಅನೇಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಸಂಗೀತಗಾರರ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದ ಲೆಕ್ಕಕ್ಕೆ ಸಿಕ್ಕಿದ್ದು ನೂರಕ್ಕೆ 21 ಪಾಲು. ಮಿಕ್ಕದ್ದೆಲ್ಲ ಹುಟ್ಟಿನದೇ ಎಂದು ಕುಣಿಯುವವರಿದ್ದಾರೆ. ಮಿಕ್ಕಿದ್ದರಲ್ಲಿ ಹುಟ್ಟೂ ಇರಬಹುದು, ಒಬ್ಬನ ಕಿವಿ ಇನ್ನೊಬ್ಬನದಕ್ಕಿಂತ ಚುರುಕಿರಬಹುದು. ಆದರೆ ಮನೆಯಲ್ಲಿ ಪಿಟೀಲು ಇತ್ತೇ, ಎಷ್ಟನೇ ವಯಸ್ಸಿಗೆ ಮೇಷ್ಟ್ರು ಸಿಕ್ಕರು, ಹೊಟ್ಟೆ ತುಂಬಿತ್ತೇ? ಉಳ್ಳವರ ಮಗು ಸಂಗೀತದ ಪಾಠಕ್ಕೆ ಕೂರುವ ವಯಸ್ಸಿನಲ್ಲಿ ನಮ್ಮ ಮಗು ಪರರ ತೋಟದಲ್ಲಿ ಬಿದ್ದ ಕಾಯಿ ಆಯುತ್ತಿತ್ತು, ಮಟ್ಟೆ ಹೊರುತ್ತಿತ್ತು. ಹದಿನೈದು ವರ್ಷ ಕಳೆದ ಮೇಲೆ ಇಬ್ಬರನ್ನೂ ಒಂದೇ ವೇದಿಕೆಗೆ ಹತ್ತಿಸಿ "ಪ್ರತಿಭೆ ನೋಡಿ" ಅಂದರೆ ಅದು ನ್ಯಾಯವೇ?

ನಿಮಗೆ ಈಗ ಹಾಸ್ಟೆಲ್ ಇದೆ. ಅನ್ನ ಹೇಗೇ ಇರಲಿ, ಸಾಯಂಕಾಲದ ಎರಡು ಗಂಟೆ ಇದೆ, ದೀಪ ಇದೆ. ನಮ್ಮ ಅಪ್ಪಂದಿರಿಗೆ ಇದು ಇರಲಿಲ್ಲ. ಸಿದ್ಧಲಿಂಗಯ್ಯನವರೂ ಹಾಸ್ಟೆಲಿನಲ್ಲಿ ಓದಿದವರು. 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಅವರಿಗೆ ಇಪ್ಪತ್ತೊಂದರ ಆಸುಪಾಸು. ಆಕಾಶದಿಂದ ಉದುರಿತು ಅಂದ್ಕೋಬೇಡಿ, ಅವರ 'ಊರುಕೇರಿ' ಓದಿ. ಇನ್ನು ತುಮಕೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಕೆ.ಬಿ. ಸಿದ್ದಯ್ಯನವರು 2019ರಲ್ಲಿ ತೀರಿಕೊಂಡರು. ಬಿಟ್ಟುಹೋದದ್ದು 'ದಕ್ಕಲ ಕಥಾದೇವಿ', 'ಬಕಾಲ', 'ಅನಾತ್ಮ', 'ಗಲ್ಲೇಬಾನಿ' ಎಂಬ ನಾಲ್ಕು ಖಂಡಕಾವ್ಯ. ಅಭ್ಯಾಸ ಅಂದರೆ ರೀಮುಗಟ್ಟಲೆ ಗೀಚುವುದು ಅಂತ ತಿಳಿದವರು ಇದನ್ನು ಗಮನಿಸಬೇಕು.

ಪದ್ಯ ಬರೆದ ರಾತ್ರಿಯೇ ಎಲ್ಲರಿಗೂ ಓದಿ ಹೇಳುವ ಆತುರ ನಮ್ಮಲ್ಲಿ ಬಹಳ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಸುಮಾರು ಒಂದು ವರ್ಷ ಕೂರುತ್ತದೆ, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುವ ತನಕ. ಪದ್ಯಕ್ಕೆ ವರ್ಷ ಬೇಡ, ಒಂದು ವಾರ ಸಾಕು. ಆಮೇಲೆ ತೆಗೆದು, ಬೇರೆ ಯಾರೋ ಬರೆದದ್ದು ಎಂಬಂತೆ ಓದಿ, ಹೊಡೆದುಹಾಕಬೇಕಾದ್ದನ್ನು ಹೊಡೆದುಹಾಕಿ. ಶನಿವಾರ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕೂತು ಒಬ್ಬರು ಓದಿ, ಉಳಿದವರು ಕೇಳಿ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲೂ ಇದು ನಡೆಯಲಿ. "ಚೆನ್ನಾಗಿದೆ" ಅಂತ ಮಾತ್ರ ಹೇಳಿ ಏಳಬೇಡಿ, ಯಾವ ಸಾಲು ಅರ್ಥವಾಗಲಿಲ್ಲ ಎಂದು ಹೇಳಿ. ಗೋಡೆಗೆ ಒಂದು ಹಾಳೆ ಅಂಟಿಸಿದರೆ ಅದೇ ಪತ್ರಿಕೆ.

ನಮಗೂ ಬರೆದು ಕಳಿಸಿ. ಕಳಿಸುವಾಗ ನೀಟಾಗಿ ತಿದ್ದಿದ ಪ್ರತಿಯ ಜೊತೆಗೆ ಮೊದಲು ಗೀಚಿದ ಹಾಳೆಯನ್ನೂ ಇಡಿ. ಎರಡನ್ನೂ ಓದುತ್ತೇವೆ.