ಶಸ್ತ್ರಚಿಕಿತ್ಸೆಗೆ ಲೆಕ್ಕವಿದೆ, ನೋವಿಗೆ ಇಲ್ಲ

ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನಂಥ ಊರಿನಲ್ಲಿ ಯಾರಿಗಾದರೂ ಜಠರದ ಇಲ್ಲವೇ ಕರುಳಿನ ಕ್ಯಾನ್ಸರ್ ಪತ್ತೆಯಾದರೆ ಕುಟುಂಬದ ಮುಂದೆ ಬಳ್ಳಾರಿ, ಹುಬ್ಬಳ್ಳಿ ಅಥವಾ ಸುಮಾರು 300 ಕಿ.ಮೀ. ದೂರದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ, ಹೀಗೆ ಕೆಲವೇ ದಾರಿಗಳಿರುತ್ತವೆ. ಹಣದ ಅಡ್ಡಿ ಮಾತ್ರ ಮೊದಲಿನಷ್ಟಿಲ್ಲ. ಬಡತನ ರೇಖೆಗಿಂತ ಕೆಳಗಿರುವವರಿಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಗೆ ಬಂದದ್ದು ಬಳ್ಳಾರಿಯೂ ಸೇರಿದ್ದ ಅಂದಿನ ಗುಲ್ಬರ್ಗ ವಿಭಾಗದಲ್ಲೇ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿತು.

ಆದರೆ ಇಂಥ ಯೋಜನೆಗಳಲ್ಲಿ ಶಸ್ತ್ರಚಿಕಿತ್ಸೆ, ಅರಿವಳಿಕೆ, ಔಷಧ, ಹಾಸಿಗೆ ಎಲ್ಲಕ್ಕೂ ಸೇರಿ ಒಂದೇ ದರ. ಗೆಡ್ಡೆ ತೆಗೆದ ಮೇಲೆ ರೋಗಿ ಎಷ್ಟು ನರಳಿದ ಎಂಬುದು ಆ ದರದ ಲೆಕ್ಕಕ್ಕೆ ಬರುವುದಿಲ್ಲ.

ನೋವು ಕೇವಲ ಸಹನೆಯ ಪ್ರಶ್ನೆಯಲ್ಲ. ಹೊಟ್ಟೆಯನ್ನು ಉದ್ದಕ್ಕೆ ಸೀಳಿದಾಗ ಮೊದಲ ಎರಡು-ಮೂರು ದಿನ ನೋವು ತೀವ್ರ. ಆಗ ರೋಗಿ ಆಳವಾಗಿ ಉಸಿರೆಳೆಯಲಾರ, ಕೆಮ್ಮಲಾರ. ಕಫ ಕಟ್ಟಿ ನ್ಯುಮೋನಿಯಾ ತಗಲುವ, ಎದ್ದು ನಡೆಯದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಚೇತರಿಕೆ ತಡವಾದಷ್ಟೂ ಕೀಮೋಥೆರಪಿಯೂ ತಡವಾಗುತ್ತದೆ.

ಇಂಥ ನೋವಿಗೆ ಮಾರ್ಫಿನ್ ಹಳೆಯ ಮದ್ದು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಅನೇಕ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ಹಿಂಜರಿದವು. 2014ರ ತಿದ್ದುಪಡಿ ಪರವಾನಗಿಯ ತೊಡಕನ್ನು ಸಡಿಲಿಸಿತು. ಆದರೂ ಅದು ಮಂಪರು, ವಾಂತಿ, ಕರುಳಿನ ಮಂದಗತಿಯನ್ನು ತರುತ್ತದೆ. ಬೆನ್ನುಹುರಿಯ ಹೊರಪದರದ ಬಳಿ ಔಷಧ ಹರಿಸುವ ಎಪಿಡ್ಯೂರಲ್ ಪರಿಣಾಮಕಾರಿ. ಆದರೆ ರಕ್ತದೊತ್ತಡ ಕುಸಿಯಬಹುದು, ರಕ್ತ ಹೆಪ್ಪುಗಟ್ಟದ ರೋಗಿಗಳಿಗೆ ಅದು ಸಲ್ಲದು.

ಈ ಎರಡರ ನಡುವಿನ ದಾರಿಯೇ ಪ್ರಾದೇಶಿಕ ನರ್ವ್ ಬ್ಲಾಕ್. ಹೊಟ್ಟೆಯ ಗೋಡೆಯ ಸ್ನಾಯುಪದರಗಳ ನಡುವೆ ಹಾಯುವ ನರಗಳ ಬಳಿ ಬ್ಯುಪಿವಕೇನ್‌ನಂಥ ಮರಗಟ್ಟಿಸುವ ಔಷಧ ಚುಚ್ಚುವ 'ಟ್ಯಾಪ್ ಬ್ಲಾಕ್' ವಿಧಾನವನ್ನು 2001ರಲ್ಲಿ ವೈದ್ಯ ರಫಿ ವಿವರಿಸಿದರು. 2016ರಲ್ಲಿ ಬೆನ್ನಿನ ಸ್ನಾಯುವಿನ ಅಡಿಗೆ ಔಷಧ ಚುಚ್ಚುವ 'ಎರೆಕ್ಟರ್ ಸ್ಪೈನೀ ಬ್ಲಾಕ್' ಬಂತು. ಇವುಗಳಿಂದ ಮಾರ್ಫಿನ್‌ನ ಅಗತ್ಯ ತಗ್ಗುತ್ತದೆ.

ಮಿತಿಗಳೂ ಇವೆ. ಟ್ಯಾಪ್ ಬ್ಲಾಕ್ ಗೋಡೆಯ ನೋವನ್ನು ತಡೆಯುತ್ತದೆಯೇ ಹೊರತು ಒಳಾಂಗಗಳ ನೋವನ್ನಲ್ಲ. ಒಂದೇ ಚುಚ್ಚುಮದ್ದಿನ ಪರಿಣಾಮ ಕೆಲವು ಗಂಟೆಗಳದು; ಮುಂದುವರಿಯಬೇಕಾದರೆ ಸಣ್ಣ ನಳಿಕೆ ಬೇಕು. ಪ್ರಮಾಣ ಮೀರಿದರೆ ಹೃದಯಕ್ಕೆ ಅಪಾಯ. ಪ್ರಾದೇಶಿಕ ಅರಿವಳಿಕೆ ಕ್ಯಾನ್ಸರ್ ಮರುಕಳಿಸದಂತೆ ತಡೆಯುತ್ತದೆಂಬ ನಿರೀಕ್ಷೆಯನ್ನೂ ಸ್ತನ ಕ್ಯಾನ್ಸರಿನ 2,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2019ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಅಧ್ಯಯನ ಸಮರ್ಥಿಸಲಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಸೂಜಿಯ ದಾರಿ ತೋರುವ ಅಲ್ಟ್ರಾಸೌಂಡ್ ಯಂತ್ರ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ನೋಂದಣಿಗೆ ಒಳಪಟ್ಟಿದೆ. ಹೆಣ್ಣು ಭ್ರೂಣಹತ್ಯೆಯ ಹಿನ್ನೆಲೆಯಲ್ಲಿ ಆ ಕಾಯ್ದೆ ಅನಿವಾರ್ಯ; ಅದನ್ನು ಸಡಿಲಿಸಬೇಕಿಲ್ಲ. ಅರಿವಳಿಕೆ ವಿಭಾಗದ ಯಂತ್ರಗಳ ನೋಂದಣಿ ಶೀಘ್ರವಾಗಿ ಮುಗಿದರೆ ಸಾಕು. ಯಂತ್ರವಿಲ್ಲದಿದ್ದರೂ, ಹೊಟ್ಟೆ ತೆರೆದಿರುವಾಗಲೇ ಶಸ್ತ್ರಚಿಕಿತ್ಸಕ ಕಣ್ಣಾರೆ ನೋಡಿ ಔಷಧ ಚುಚ್ಚಬಹುದು, ಗಾಯದೊಳಗೆ ನಳಿಕೆ ಇರಿಸಬಹುದು. ಬ್ಯುಪಿವಕೇನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿಯೇ ಇದೆ.

ಹಾಗಾಗಿ ಕೊರತೆ ಇರುವುದು ಔಷಧದಲ್ಲಲ್ಲ, ಲೆಕ್ಕದಲ್ಲಿ. ಜ್ವರ, ನಾಡಿ, ರಕ್ತದೊತ್ತಡದ ಜತೆ ಸೊನ್ನೆಯಿಂದ ಹತ್ತರವರೆಗಿನ ನೋವಿನ ಅಂಕವನ್ನು ಪ್ರತಿ ಪಾಳಿಯಲ್ಲೂ ದಾಖಲಿಸಲು ದಾದಿಗೆ ಪೆನ್ನು ಮತ್ತು ಹಾಳೆ ಸಾಕು. ಆ ಹಾಳೆಯಿಲ್ಲದೆ ಯೋಜನೆಯ ಹಣ ಬಿಡುಗಡೆ ಮಾಡುವುದಿಲ್ಲವೆಂದು ಸರ್ಕಾರ ನಿಯಮ ಮಾಡಿದರೆ, ಮೂರು ದಿನ ನರಳುವುದೂ ಚಿಕಿತ್ಸೆಯ ಭಾಗವೆಂದೇ ಭಾವಿಸಿರುವ ರೋಗಿಗೆ ನೋವಿನ ಪರಿಹಾರವನ್ನು ಕೇಳಿ ಪಡೆಯುವ ಹಕ್ಕು ದೊರೆತಂತಾಗುತ್ತದೆ.