ದೀಪದ ಕೆಳಗಿನ ಬಿಳಿ

ಬಿಡುವಿನಲ್ಲಿ ತೈಲವರ್ಣದ ಕುಂಚ ಹಿಡಿಯುವ ನಮ್ಮ ಬಂಧುಗಳು ಹಳ್ಳಿಮನೆಯ ಒಳಗನ್ನು ಬರೆಯಹೊರಟರೆ, ಬೆಳಕು ಬೇಕೆಂದಲ್ಲೆಲ್ಲ ಬಿಳಿ ಬಣ್ಣವನ್ನೇ ಬಳಿದುಬಿಡುತ್ತಾರೆ. ಕೋಣೆ ಬೆಳಗುವುದಿಲ್ಲ, ಸುಣ್ಣ ಹೊಡೆದಂತಾಗುತ್ತದೆ.

ವಿನ್ಸೆಂಟ್ ವಾನ್ ಗೋ 1885ರಲ್ಲಿ ಹಾಲೆಂಡಿನ ನ್ಯೂನೆನ್ ಎಂಬ ಹಳ್ಳಿಯಲ್ಲಿದ್ದು ಬರೆದ ‘ಆಲೂಗಡ್ಡೆ ತಿನ್ನುವವರು’ ಚಿತ್ರವನ್ನು ನೋಡಬೇಕು. ತಗ್ಗಾದ ಕೋಣೆ, ಒಂದು ತೂಗುದೀಪ, ಮೇಜಿನ ಸುತ್ತ ಐವರು, ಹಬೆಯಾಡುವ ತಟ್ಟೆ, ಇಷ್ಟೇ. ಆ ಚಳಿಗಾಲವೆಲ್ಲ ರೈತರ ಮುಖಗಳನ್ನೇ ಬರೆದು ಆತ ಕೈ ಪಳಗಿಸಿಕೊಂಡಿದ್ದ. ಆದರೂ ಚಿತ್ರ ಮುಗಿದಾಗ ಮುಖಗಳ ಮೈಬಣ್ಣ ಒಪ್ಪಲಿಲ್ಲ. ಅವುಗಳ ಮೇಲೆಯೇ, ಸಿಪ್ಪೆ ಸುಲಿಯದ, ಮಣ್ಣು ಮೆತ್ತಿದ ಆಲೂಗಡ್ಡೆಯ ಬಣ್ಣವನ್ನು ಬಳಿದ. ಎಂಥ ಎದೆಗಾರಿಕೆ! ಅಲ್ಲಿ ಬಿಳಿಯೆಂದು ತೋರುವುದರಲ್ಲಿ ನಿಜವಾದ ಬಿಳಿ ಬಹು ಸ್ವಲ್ಪ. ಕೆಂಪು, ನೀಲಿ, ಹಳದಿಗಳನ್ನು ಬೆರೆಸಿ ತೆಗೆದ ಕಡು ಬೂದುಬಣ್ಣವೇ ಸುತ್ತಲಿನ ಕತ್ತಲೆಯಿಂದಾಗಿ ಬಿಳಿಯಾಗಿ ಹೊಳೆಯುತ್ತದೆ. ಆದ್ದರಿಂದ ಮೊದಲು ನೆರಳನ್ನು ತುಂಬಿರಿ. ಬಿಳಿಯ ಕೊಳವೆಯ ಮುಚ್ಚಳವನ್ನು ಕಡೆಗೆ ತೆಗೆದರಾಯಿತು.

ಗೆಳೆಯ ವಾನ್ ರಾಪಾರ್ಡ್ ಕೈಗಳು ಸರಿಯಿಲ್ಲವೆಂದು ಬಿರುಸಾಗಿ ಬರೆದಾಗ, ವಾನ್ ಗೋ ಆ ಕಾಗದವನ್ನೇ ಹಿಂದಕ್ಕೆ ಕಳುಹಿಸಿದನಂತೆ. ರೇಖೆಯಲ್ಲಿ ಒರಟುತನ ಉಂಟು, ನಾವೂ ಒಪ್ಪುತ್ತೇವೆ. ಆದರೆ ರಾಪಾರ್ಡ್ ಕಂಡಿದ್ದುದು ಬಣ್ಣವಿಲ್ಲದ ಕಲ್ಲಚ್ಚಿನ ಪ್ರತಿಯನ್ನು. ಆ ಬೂದುಬಣ್ಣದ ಬೆಳಕು ಅದರಲ್ಲಿ ಎಲ್ಲಿಂದ ಬರಬೇಕು?