ಮನೆಯಲ್ಲಿ ಕುಳಿತೇ ದೀಕ್ಷೆ

“ದೇವರು ವರ ಕೊಟ್ಟರೂ ಪೂಜಾರಿ ಕೊಡ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಬೇಕೆಂದವರೆಲ್ಲರೂ ತಾವೇ ಪೂಜಾರಿಗಳಾಗುವಂತಿದ್ದರೆ ಏನಾದೀತು? ಇದು ಬರಿಯ ಕಲ್ಪನೆಯಲ್ಲ. ಅಮೆರಿಕದಲ್ಲಿ ಅರವತ್ತು ವರ್ಷಗಳಿಗೂ ಮಿಕ್ಕಿ ನಡೆದುಬಂದಿರುವ ಸಂಗತಿ. ಇದನ್ನು ಕುರಿತು ನನ್ನ ಅಲ್ಪಮತಿಗೆ ತೋರಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ ಕರ್ಬಿ ಹೆನ್ಸ್ಲಿ ಎಂಬಾತನು 1962ರಲ್ಲಿ ‘ಯೂನಿವರ್ಸಲ್ ಲೈಫ್ ಚರ್ಚ್’ ಎಂಬ ಸಂಸ್ಥೆಯನ್ನು ನೋಂದಾಯಿಸಿದನು. ಆತನಿಗೆ ಓದುಬರಹ ಬಾರದು. ಆದರೂ ಕೇಳಿದವರಿಗೆಲ್ಲ ಶುಲ್ಕವಿಲ್ಲದೆ, ನಿನ್ನ ಮತವಾವುದೆಂದು ವಿಚಾರಿಸದೆ, ಅಂಚೆಯ ಮೂಲಕವೇ ಪಾದ್ರಿಯ ದೀಕ್ಷೆ ಕೊಡತೊಡಗಿದನು. 1999ರಲ್ಲಿ ಆತ ತೀರಿಕೊಂಡನು. ಅಂದು ಅಂಚೆ ಮಾಡುತ್ತಿದ್ದ ಕೆಲಸವನ್ನು ಇಂದು ಅಂತರಜಾಲ ಮಾಡುತ್ತಿದೆ. ಮಗುವಿಗೆ ಉಣಿಸುತ್ತಲೋ ಪಾತ್ರೆ ತೊಳೆಯುವ ನಡುವೆಯೋ ಹೆಸರು, ವಿಳಾಸ ತುಂಬಿ ಗುಂಡಿ ಒತ್ತಿದರೆ ದೀಕ್ಷೆ ಮುಗಿಯಿತು.

ಜನ ಇದಕ್ಕೆ ಮುಗಿಬೀಳುವುದೇಕೆ? ಅಲ್ಲಿನ ಬಹುತೇಕ ಸಂಸ್ಥಾನಗಳಲ್ಲಿ ವಧೂವರರು ಮೊದಲು ಸರಕಾರದ ಪರವಾನಗಿ ಪಡೆಯಬೇಕು. ಅನಂತರ ಪಾದ್ರಿಯೋ ನ್ಯಾಯಾಧೀಶರೋ ವಿವಾಹ ನಡೆಸಿ ಆ ಪತ್ರಕ್ಕೆ ಸಹಿ ಹಾಕಬೇಕು. ತಮ್ಮನ್ನು ಬಲ್ಲ ಗೆಳೆಯನೋ ಅಕ್ಕನೋ ಆ ಸಹಿ ಹಾಕಲೆಂಬ ಆಸೆಯೇ ಈ ದೀಕ್ಷೆಯ ಮೂಲ.

ಆ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹೋದ ವರ್ಷ ನನ್ನ ಅಕ್ಕನ ಲಗ್ನಕ್ಕೆ ಬಂದ ಪುರೋಹಿತರಿಗೆ ಅದೇ ಮುಹೂರ್ತಕ್ಕೆ ಮತ್ತೊಂದು ಮನೆಯ ಕರೆಯಿತ್ತು. ಕಾಲು ಗಂಟೆಯಲ್ಲಿ ಎಲ್ಲವನ್ನೂ ಮುಗಿಸಿದರು. ಒಂದು ಮಂತ್ರದ ಅರ್ಥವೇನೆಂದು ನನ್ನ ಅವ್ವ ಕೈಮುಗಿದು ಕೇಳಿದಾಗ, “ಅದು ನಿಮಗ್ಯಾಕ?” ಎಂದುಬಿಟ್ಟರು. ಮಗಳ ಲಗ್ನಕ್ಕೆಂದು ಎರಡು ವರ್ಷ ಕೂಲಿಯ ಹಣ ಕೂಡಿಟ್ಟವಳು ಆಕೆ. ಆ ಮಾತು ಈಗಲೂ ನನ್ನ ಎದೆಯಲ್ಲಿ ಮುಳ್ಳಿನಂತಿದೆ.

ಆದುದರಿಂದಲೇ ಒಂದು ಸಂಜೆ, ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವಾಗ, ನಾನು ಮೊಬೈಲಿನಲ್ಲಿ ಆ ಪುಟವನ್ನು ತೆರೆದು ಹೆಸರು ತುಂಬಿದೆ. ಏನದು ಎಂದಳು. ವಿವರಿಸಿದೆ.

“ಹಂಗಾದ್ರ ನಾನೂ ಆಗಬೋದೇನು?”

“ಆಗಬೋದವ್ವ.”

ಆಕೆ ನಕ್ಕಳು. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರುತ್ತ ಅಂದಳು: “ಲಗ್ನ ಮಾಡಸೂದು ಸುಲಭ ಬಿಡಪಾ. ನಾಳೆ ಆ ಹುಡುಗಿ ಅಳಕೋತ ಬಂದ್ರ ಬಾಗಲಾ ತೆಗಿಯಾವ್ರು ಯಾರು?”

ನಾನು ಗುಂಡಿ ಒತ್ತಲಿಲ್ಲ.

ಅವ್ವನ ಪ್ರಶ್ನೆಯನ್ನೇ ಅಲ್ಲಿನ ನ್ಯಾಯಾಲಯಗಳೂ ಬೇರೆ ರೀತಿಯಲ್ಲಿ ಎದುರಿಸಿವೆ. 1974ರಲ್ಲಿ ಕ್ಯಾಲಿಫೋರ್ನಿಯಾದ ಸಂಯುಕ್ತ ನ್ಯಾಯಾಲಯವೊಂದು ತೆರಿಗೆಯ ಮೊಕದ್ದಮೆಯಲ್ಲಿ, ಮತವೊಂದರ ಗುಣದೋಷಗಳನ್ನು ತೂಗುವುದು ಸರಕಾರದ ಕೆಲಸವಲ್ಲವೆಂದು ಹೇಳಿತು. ಅದೇ ವರ್ಷ ವರ್ಜೀನಿಯಾದ ಸರ್ವೋಚ್ಚ ನ್ಯಾಯಾಲಯವು, ಎಲ್ಲರೂ ಪಾದ್ರಿಗಳೇ ಆದಲ್ಲಿ ಕಾನೂನು ಹೇಳುವ ಪಾದ್ರಿ ಯಾರೂ ಇಲ್ಲದಂತಾಯಿತೆಂದು ತೀರ್ಪಿತ್ತಿತು. 2019ರಲ್ಲಿ ಟೆನೆಸಿ ಸಂಸ್ಥಾನವು ಅಂತರಜಾಲದ ದೀಕ್ಷೆ ಪಡೆದವರು ವಿವಾಹ ನಡೆಸಕೂಡದೆಂದು ಕಾಯಿದೆ ಮಾಡಿತು. ಇದು ಹುಡುಗಾಟದ ವಿಷಯವಲ್ಲ. ಸಹಿ ಮಾಡಿದವನ ಅಧಿಕಾರ ಬಿದ್ದುಹೋದರೆ ಹೆಂಡತಿಯ ಹಕ್ಕು, ಆಸ್ತಿಯ ಪಾಲು ಎಲ್ಲವೂ ಸಂಶಯಕ್ಕೆ ಸಿಲುಕುತ್ತವೆ.

ಹಾಗೆಂದು ಪೌರೋಹಿತ್ಯದ ಬಾಗಿಲಿಗೆ ಮತ್ತೆ ಬೀಗ ಹಾಕಬೇಕೆಂದು ನಾನು ಹೇಳುವುದಿಲ್ಲ. ನಮ್ಮ ನಾಡಿನಲ್ಲಿಯೂ ಬೇರೆ ದಾರಿಗಳುಂಟು. 1954ರ ವಿಶೇಷ ವಿವಾಹ ಕಾಯಿದೆಯಂತೆ ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು, ಪುರೋಹಿತರಿಲ್ಲದೆಯೇ ಮದುವೆಯಾಗಬಹುದು. ಕುವೆಂಪು ಅವರು ಅರ್ಥವಾಗುವ ನುಡಿಯಲ್ಲಿ, ಆಡಂಬರವಿಲ್ಲದೆ ನಡೆಯುವ ‘ಮಂತ್ರ ಮಾಂಗಲ್ಯ’ವನ್ನು ತೋರಿಸಿಕೊಟ್ಟರು, 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ನಡೆಸಿದರು. ಅಲ್ಲಿ ಬಾಗಿಲೂ ತೆರೆದಿದೆ, ಆಡುವ ಮಾತಿಗೆ ತೂಕವೂ ಇದೆ.

ನನ್ನ ಅಭಿಪ್ರಾಯ ಇಷ್ಟೇ: ಸುಲಭವಾಗಿ ದೊರೆತ ದೀಕ್ಷೆಯೆಲ್ಲ ಸುಳ್ಳಲ್ಲ, ಕಷ್ಟಪಟ್ಟು ಪಡೆದುದೆಲ್ಲ ನಿಜವೂ ಅಲ್ಲ. ತಾನು ಆಡಿಸುವ ಮಾತಿನ ಅರ್ಥವನ್ನು ಹೇಳಬಲ್ಲವನು, ಲಗ್ನವಾದ ಮೇಲೂ ಆ ಮನೆಯವರಿಗೆ ಬಾಗಿಲು ತೆರೆಯಬಲ್ಲವನು ಯಾವ ಕುಲದವನಾದರೇನು, ಯಾವ ದಾರಿಯಿಂದ ಬಂದರೇನು? ಅವನೇ ಪುರೋಹಿತ. ಆ ಲೆಕ್ಕದಲ್ಲಿ, ಅಕ್ಷರ ಬಾರದ ನನ್ನ ಅವ್ವನಿಗೆ ಯಾವ ಗುಂಡಿಯನ್ನೂ ಒತ್ತಬೇಕಾದ ಅಗತ್ಯವಿಲ್ಲ.